ಸ್ಕೀ ದೋಣಿಯ ಹೊಟ್ಟೆಯೊಳಗಿನ ಕೆಂಪೆಣ್ಣೆ

ಅಮೆರಿಕದ ಮಿನ್ನೆಸೊಟಾ ರಾಜ್ಯದಲ್ಲಿ ಲೇಕ್ ಸಿಟಿ ಎಂಬ ಸಣ್ಣ ಊರಿದೆ. ಅದರ ಮಗ್ಗುಲಲ್ಲಿ ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಂಡು ಲೇಕ್ ಪೆಪಿನ್ ಎಂಬ ಸರೋವರವೇ ಆಗಿಬಿಟ್ಟಿದೆ. 1922ರ ಬೇಸಿಗೆಯಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ 18ರ ಹುಡುಗ ಇಲ್ಲಿ ಎರಡು ಮರದ ಹಲಗೆ ಕೊಂಡು ತಂದ. ಅವುಗಳ ತುದಿಯನ್ನು ತಾಯಿ ಬಟ್ಟೆ ಕುದಿಸುತ್ತಿದ್ದ ಹಂಡೆಯಲ್ಲಿ ಬೇಯಿಸಿ ಮೇಲಕ್ಕೆ ಬಾಗಿಸಿದ. ಅಣ್ಣ ಬೆನ್ ಓಡಿಸುತ್ತಿದ್ದ ದೋಣಿಯ ಹಿಂದೆ ಹಗ್ಗ ಹಿಡಿದು, ಬಿದ್ದು ಎದ್ದು, ಜುಲೈ 2ರಂದು ನೀರಿನ ಮೇಲೆ ನಿಂತೇಬಿಟ್ಟ. ವಾಟರ್ ಸ್ಕೀಯಿಂಗ್ ಹುಟ್ಟಿದ್ದು ಹಾಗೆ. ಈ ಕತೆಯಲ್ಲಿ ಎಲ್ಲರೂ ಹಲಗೆಯ ಬಗ್ಗೆ ಮಾತಾಡುತ್ತಾರೆ. ನನಗೆ ಆಸಕ್ತಿ ಆ ದೋಣಿಯ ಮೇಲೆ. ಅದರೊಳಗಿದ್ದದ್ದು ಲಾರಿಯಿಂದ ಬಿಚ್ಚಿ ತಂದ ಎಂಜಿನ್.

ನೂರು ವರ್ಷ ಕಳೆದರೂ ಆ ಸಂಗತಿ ಹೆಚ್ಚು ಬದಲಾಗಿಲ್ಲ. ಇವತ್ತು ಮಿನ್ನೆಸೊಟಾದ ಕೆರೆಗಳಲ್ಲಿ ಓಡುವ ಸ್ಕೀ ದೋಣಿಯ ಎಂಜಿನ್ ಮುಚ್ಚಳ ತೆಗೆದು ನೋಡಿ. ಜನರಲ್ ಮೋಟರ್ಸ್‌ನ 5.7 ಲೀಟರಿನ ವಿ-8 ಎಂಜಿನ್ ಇರಬಹುದು, ಹಳೆಯದಾದರೆ ಫೋರ್ಡ್ 351 ಇರಬಹುದು. ಪಿಕಪ್ ಲಾರಿಗಳಲ್ಲಿ ಓಡಿದ ಎಂಜಿನ್‌ಗಳೇ ಇವು, ಸ್ವಲ್ಪ ಮಾರ್ಪಾಡಾಗಿ ನೀರಿಗಿಳಿದಿವೆ. ಅದರ ಬೆನ್ನಿಗೆ ಕೂತ ಗೇರ್‌ಬಾಕ್ಸ್ ಕೂಡ ಕಾರುಗಳ ಗೇರ್‌ಬಾಕ್ಸ್ ಮಾಡುತ್ತಿದ್ದ ಬೋರ್ಗ್‌ವಾರ್ನರ್ ಕಂಪನಿಯ ವೆಲ್ವೆಟ್ ಡ್ರೈವ್ ಆಗಿರಬಹುದು. ಒಳಗೆ ಸುರಿಯುವ ಎಣ್ಣೆಯೂ ಆಟೊಮ್ಯಾಟಿಕ್ ಕಾರಿನದೇ. ನೆಲಕ್ಕೆಂದು ಹುಟ್ಟಿದ ಯಂತ್ರವನ್ನು ನೀರಿನಲ್ಲಿ ಕೂರಿಸಿ, ಅದೇ ನೀರನ್ನು ಒಳಗೆ ಹರಿಸಿ ತಂಪು ಮಾಡುತ್ತೇವೆ. ನೀರು ಹೋಗಬಾರದ ಕಡೆಗೆ ಹೋಯಿತೇ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಸುವುದು ಎಣ್ಣೆ.

ಸ್ಕೀ ದೋಣಿ ಇಟ್ಟುಕೊಂಡವರಲ್ಲಿ ಎಂಜಿನ್ ಆಯಿಲ್ ನೋಡದವರು ಕಡಿಮೆ. ಕಾರಿನಿಂದ ಬಂದ ಅಭ್ಯಾಸ ಅದು. ಆದರೆ ಎಂಜಿನ್‌ಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವೆ ಇನ್ನೊಂದು ಡಿಪ್‌ಸ್ಟಿಕ್ ಇದೆ, ಗಿಡ್ಡದ್ದು, ಇಂಗ್ಲಿಷಿನ ಟಿ ಅಕ್ಷರದಂಥ ಹಿಡಿಯದು. ಅದನ್ನು ಮುಟ್ಟದೆಯೇ ಇಡೀ ಬೇಸಿಗೆ ಕಳೆಯುವವರು ಬಹಳ. ನನ್ನ ಮಟ್ಟಿಗೆ ಮೊದಲು ಎಳೆದು ನೋಡಬೇಕಾದದ್ದು ಅದನ್ನೇ. ಎಂಜಿನ್ನಿನ ತಾಪಮಾನ, ಎಣ್ಣೆಯ ಒತ್ತಡಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಮುಳ್ಳುಗಳಿವೆ. ಗೇರ್‌ಬಾಕ್ಸಿಗೆ ಬಹುತೇಕ ದೋಣಿಗಳಲ್ಲಿ ಏನೂ ಇಲ್ಲ. ಅದರ ಯೋಗಕ್ಷೇಮ ತಿಳಿಯಲು ಇರುವ ದಾರಿ ಆ ಗಿಡ್ಡ ದಂಡವೊಂದೇ.

ಈ ಗೇರ್‌ಬಾಕ್ಸಿನಲ್ಲಿ ಕಾರಿನಂತೆ ಒಂದನೇ ಗೇರು, ಎರಡನೇ ಗೇರು ಎಂದೇನಿಲ್ಲ. ಮುಂದೆ, ನ್ಯೂಟ್ರಲ್, ಹಿಂದೆ, ಇಷ್ಟೇ. ಮುಂದಕ್ಕೆ ಹೋಗಲು ತೆಳುವಾದ ಕ್ಲಚ್ ಪ್ಲೇಟುಗಳ ಒಂದು ಕಟ್ಟಿದೆ. ಲಿವರ್ ಮುಂದೆ ತಳ್ಳಿದಾಗ ಪಂಪಿನಿಂದ ಬಂದ ಎಣ್ಣೆ ಒಂದು ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಪ್ಲೇಟುಗಳನ್ನು ಒಂದಕ್ಕೊಂದು ಅದುಮುತ್ತದೆ, ಎಂಜಿನ್ನಿನ ತಿರುಗುವಿಕೆ ಶಾಫ್ಟಿಗೆ ದಾಟುತ್ತದೆ. ಅಂದರೆ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯ ಒತ್ತಡವನ್ನೇ ನೆಚ್ಚಿಕೊಂಡು ಪ್ರೊಪೆಲ್ಲರಿಗೆ ಹೋಗಬೇಕು. ಅದೇ ಎಣ್ಣೆ ಬೇರಿಂಗುಗಳಿಗೆ ಜಾರು ಕೊಡಬೇಕು, ಅದೇ ಎಣ್ಣೆ ಬಿಸಿಯನ್ನು ಹೊತ್ತು ಕೂಲರಿಗೆ ಹೋಗಿ ಬರಬೇಕು. ಒಟ್ಟು ಎಣ್ಣೆ ಸುಮಾರು 2 ಲೀಟರ್. ಅರ್ಧ ಲೀಟರ್ ಎಲ್ಲೋ ಸೋರಿಹೋದರೆ ಉಳಿದದ್ದರ ಪಾಡು ಊಹಿಸಬಹುದು: ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟುಗಳು ಪೂರ್ತಿ ಕಚ್ಚದೆ ಉಜ್ಜಾಡುತ್ತವೆ.

ಸ್ಕೀ ಎಳೆಯುವ ಕೆಲಸವೂ ಸಾಮಾನ್ಯದ್ದಲ್ಲ. ಕೆರೆಯಲ್ಲಿ ತಣ್ಣಗೆ ಸುತ್ತುವ ದೋಣಿಗೆ ಈ ಕಷ್ಟವಿಲ್ಲ. ಸ್ಕೀ ಮಾಡುವವರು ಕತ್ತಿನವರೆಗೆ ನೀರಿನಲ್ಲಿ ಮುಳುಗಿ ಹಗ್ಗ ಹಿಡಿದು ಕೂತಿರುತ್ತಾರೆ. 'ಹೊಡಿ' ಎಂದ ಕೂಡಲೇ ಚಾಲಕ ಲಿವರನ್ನು ನಿಶ್ಚಲದಿಂದ ಮುಕ್ಕಾಲಿಗೆ ಒಯ್ಯುತ್ತಾನೆ. ಸ್ಪರ್ಧೆಯ ಸ್ಲಾಲಮ್ ಆದರೆ ಗಂಟೆಗೆ 58 ಕಿ.ಮೀ.ವರೆಗೂ ಏರಿ, ಆ ವೇಗವನ್ನು ಅಲುಗದಂತೆ ಹಿಡಿದಿಡಬೇಕು. ಒಬ್ಬರು ಬಿದ್ದರು, ತಿರುಗಿಸು, ನ್ಯೂಟ್ರಲ್, ಮತ್ತೆ ಮುಂದೆ. ಒಂದು ಮಧ್ಯಾಹ್ನಕ್ಕೆ ಇದು ಎಷ್ಟೋ ಸಲ. ಪ್ರತಿ ಸಲವೂ ಆ ಪ್ಲೇಟುಗಳು ಒಂದು ಕ್ಷಣ ಜಾರಿ ಆಮೇಲೆ ಕಚ್ಚುತ್ತವೆ. ಆ ಒಂದು ಕ್ಷಣದ ಬಿಸಿಯನ್ನು ನುಂಗುವುದು ಎಣ್ಣೆ.

ಎಣ್ಣೆಯ ಬಗ್ಗೆಯೇ ಒಂದು ಮಾತು ಹೇಳಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಎಟಿಎಫ್ ಎನ್ನುತ್ತಾರೆ. ಎಂಜಿನ್ ಆಯಿಲ್‌ನಿಂದ ಬೇರೆ ಎಂದು ಗೊತ್ತಾಗಲಿ, ಸೋರಿದರೆ ಎಲ್ಲಿಂದ ಸೋರಿತು ಎಂದು ತಿಳಿಯಲಿ ಎಂದು ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ಈ ಎಣ್ಣೆಗೆ ವಿಚಿತ್ರವಾದ ಎರಡು ಗುಣ ಒಟ್ಟಿಗೆ ಬೇಕು. ಬೇರಿಂಗಿನಲ್ಲಿ ಜಾರಬೇಕು, ಕ್ಲಚ್ ಪ್ಲೇಟಿನಲ್ಲಿ ಹಿಡಿಯಬೇಕು. ಆ ಹದಕ್ಕಾಗಿ ಅಮೆರಿಕದ ಕಂಪನಿಗಳು ಒಂದು ಕಾಲಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದವು. ಅಳಿವಿನಂಚಿನ ಜೀವಿಗಳನ್ನು ಉಳಿಸುವ ಕಾನೂನುಗಳು 1970ರ ದಶಕದ ಆರಂಭದಲ್ಲಿ ಅದಕ್ಕೆ ತಡೆ ಹಾಕಿದ ಮೇಲೆ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹುಡುಕಬೇಕಾಯಿತು. ನಮ್ಮ ಕಾರಿನ, ದೋಣಿಯ ಗೇರು ನಯವಾಗಿ ಬೀಳಲಿ ಎಂದು ಸಾಗರದ ಅಷ್ಟು ದೊಡ್ಡ ಪ್ರಾಣಿಯನ್ನು ಕೊಂದು ಹಿಂಡುತ್ತಿದ್ದರು ಎಂಬುದು ನೆನಪಾದಾಗಲೆಲ್ಲ ಮನಸ್ಸು ಮುದುಡುತ್ತದೆ. ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಅನಂತರ ಡೆಕ್ಸ್ರಾನ್ ಎಂಬ ಜನರಲ್ ಮೋಟರ್ಸ್‌ನ ಮಾನದಂಡ ಒಂದರ ಮೇಲೊಂದು ಹೊಸ ರೂಪ ಪಡೆಯಿತು. ಹಳೆಯ ವೆಲ್ವೆಟ್ ಡ್ರೈವ್‌ಗಳಿಗೆ ಡೆಕ್ಸ್ರಾನ್ ಜಾತಿಯ ಎಟಿಎಫ್ ನಡೆಯುತ್ತದೆ. ಆದರೂ ಅಂಗಡಿಗೆ ಹೋಗುವ ಮುನ್ನ ದೋಣಿಯ ಕೈಪಿಡಿ ತೆರೆಯಬೇಕು. ಕೆಲವು ಗೇರ್‌ಬಾಕ್ಸುಗಳಿಗೆ ಎಂಜಿನ್ ಆಯಿಲನ್ನೇ ಹಾಕಲು ಹೇಳಿರುತ್ತಾರೆ. ಎರಡು ಜಾತಿ ಬೆರೆಸುವುದು ಮಾತ್ರ ಬೇಡವೇ ಬೇಡ.

ಇನ್ನು ನೋಡುವ ರೀತಿ. ತಣ್ಣಗಿರುವಾಗ ದಂಡ ಎಳೆದರೆ ಸರಿಯಾದ ಮಟ್ಟ ಸಿಗುವುದಿಲ್ಲ. ಎಂಜಿನ್ ನಿಂತು ಹೊತ್ತಾದ ಮೇಲೆ ಕೂಲರ್ ಮತ್ತು ಹೋಸುಗಳಲ್ಲಿದ್ದ ಎಣ್ಣೆ ಹಿಂದಕ್ಕಿಳಿದು ಮಟ್ಟವನ್ನು ಏರಿಸಿ ತೋರಿಸುತ್ತದೆ. ಹಾಗಾಗಿ ದೋಣಿ ನೀರಿನಲ್ಲಿ ಸಮವಾಗಿ ನಿಂತಿರಬೇಕು, ಒಂದಷ್ಟು ಓಡಾಡಿ ಬಿಸಿಯಾಗಿರಬೇಕು, ಎಂಜಿನ್ ನಿಲ್ಲಿಸಿದ ಕೂಡಲೇ ದಂಡ ಎಳೆಯಬೇಕು. ಟ್ರೇಲರಿನ ಮೇಲೆ ಮೂತಿ ಮೇಲಾಗಿ ನಿಂತ ದೋಣಿಯಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಟ್ರೇಲರಿನ ಮೇಲೆಯೇ ಎಂಜಿನ್ ಓಡಿಸಲೇಬೇಕಾದರೆ ತೋಟದ ಪೈಪಿನಿಂದ ನೀರು ಕೊಟ್ಟೇ ಓಡಿಸಬೇಕು. ನೀರಿಲ್ಲದೆ ತಿರುಗಿದರೆ ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ ಸುಟ್ಟು ಚೂರಾಗುತ್ತದೆ. ಪೆಟ್ರೋಲ್ ಎಂಜಿನ್ ಮುಚ್ಚಿದ ಗೂಡಿನಲ್ಲಿರುವುದರಿಂದ ಸ್ಟಾರ್ಟ್ ಮಾಡುವ ಮೊದಲು ಒಳಗಿನ ಗಾಳಿಯನ್ನು ಹೊರದೂಡುವ ಬ್ಲೋವರನ್ನು 4 ನಿಮಿಷ ಓಡಿಸುವ ನಿಯಮವನ್ನು ಇಲ್ಲಿಯೂ ಬಿಡಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತು ಕಿಡಿಗಾಗಿ ಕಾಯುತ್ತಿರುತ್ತದೆ.

ಮೊದಲ ಸಲ ಎಳೆದ ದಂಡವನ್ನು ಒರೆಸಿ ಮತ್ತೆ ಅದ್ದಿ ತೆಗೆಯಿರಿ. ಒರೆಸುವ ಬಟ್ಟೆ ಬಿಳಿಯದೇ ಆಗಿರಲಿ. ಬಣ್ಣದ ಬಟ್ಟೆಯ ಮೇಲೆ ಎಣ್ಣೆಯ ಬಣ್ಣ ತಿಳಿಯುವುದಿಲ್ಲ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಸ್ವಲ್ಪ ಹೊತ್ತು ಬಿಡಿ. ಒಳ್ಳೆಯ ಎಣ್ಣೆ ತಿಳಿಗೆಂಪಾಗಿ ಸಮನಾಗಿ ಹರಡಿಕೊಳ್ಳುತ್ತದೆ. ಹಳತಾದದ್ದು ನಡುವೆ ಕಪ್ಪು ಚುಕ್ಕಿ ಉಳಿಸಿ ಸುತ್ತ ಕಂದು ಬಳೆ ಬಿಡುತ್ತದೆ. ಇನ್ನೊಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ಮರಳು ಮರಳಾಗಿ ಸಿಕ್ಕರೆ ಅದು ಲೋಹ. ಆಮೇಲೆ ಮೂಸಿ ನೋಡಿ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವಂಥದ್ದಲ್ಲ.

ಸುಟ್ಟ ವಾಸನೆ, ಕಪ್ಪುಗಂದು ಬಣ್ಣ ಇವೆರಡೂ ಸೇರಿದ್ದರೆ ಎಣ್ಣೆ ಬದಲಿಸಿ ಸುಮ್ಮನಾಗುವಂತಿಲ್ಲ. ಎಣ್ಣೆ ಕಡಿಮೆ ಇತ್ತೇ ನೋಡಬೇಕು. ಅದು ಸರಿಯಿದ್ದರೆ ಮುಂದಿನ ಅನುಮಾನ ಶಿಫ್ಟ್ ಕೇಬಲ್ ಮೇಲೆ. ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಲಿವರಿನ ಹಿಂದೆ ಒಂದು ಉಕ್ಕಿನ ಗುಂಡು, ಅದು ಹೋಗಿ ಕೂರುವ ಗುಳಿ ಇವೆ. ಕೇಬಲ್ ಎಳೆದು ಉದ್ದವಾಗಿದ್ದರೆ ಚಾಲಕನ ಕೈಯ ಹಿಡಿ ಪೂರ್ತಿ ಮುಂದೆ ಹೋಗಿದ್ದರೂ ಇಲ್ಲಿ ಗುಂಡು ಗುಳಿಗೆ ಬಿದ್ದಿರುವುದಿಲ್ಲ. ಎಣ್ಣೆಯ ದಾರಿ ಅರ್ಧ ಮಾತ್ರ ತೆರೆದುಕೊಂಡು, ಅರ್ಧ ಒತ್ತಡದಲ್ಲಿ ಪ್ಲೇಟುಗಳು ಉಜ್ಜಾಡಿ ಸಾಯುತ್ತವೆ. ನ್ಯೂಟ್ರಲ್‌ನಲ್ಲೂ ಇದೇ ಕೇಬಲ್ ಮೋಸ ಮಾಡಬಹುದು. ನ್ಯೂಟ್ರಲ್ ಎಂದುಕೊಂಡ ಕಡೆ ಪ್ರೊಪೆಲ್ಲರ್ ಮೆಲ್ಲಗೆ ತಿರುಗುತ್ತಿದ್ದರೆ, ಹಿಂಬದಿಯ ಹಲಗೆ ಹತ್ತಲು ಬರುತ್ತಿರುವವರ ಕಾಲು ಅಲ್ಲೇ ಇರುತ್ತದೆ. ಜನ ಹತ್ತುವಾಗ ಎಂಜಿನ್ ಪೂರ್ತಿ ಆಫ್ ಆಗಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮಕ್ಕಳಿರುವ ದೋಣಿಯಲ್ಲಿ ಈ ವಿಷಯದಲ್ಲಿ ಯಾರ ಮುಲಾಜೂ ಬೇಡ.

ಎಲ್ಲಕ್ಕಿಂತ ಹೆದರಬೇಕಾದ ಬಣ್ಣ ಗುಲಾಬಿ. ದಂಡದ ತುದಿಯಲ್ಲಿ ಬೆಂಗಳೂರಿನ ಜ್ಯೂಸ್ ಅಂಗಡಿಯ ರೋಸ್ ಮಿಲ್ಕ್‌ನಂಥ ತೆಳುಗುಲಾಬಿ ನೊರೆ ಕಂಡರೆ ಎಣ್ಣೆಗೆ ನೀರು ಬೆರೆತಿದೆ. ಮಟ್ಟ ಗುರುತಿಗಿಂತ ಮೇಲಿದ್ದು, ನೀವು ಎಣ್ಣೆ ಹಾಕಿಲ್ಲವಾದರೂ ಅದೇ ಅನುಮಾನ. ಸಣ್ಣ ಪ್ರಮಾಣ ಕಣ್ಣಿಗೆ ಕಾಣದಿದ್ದರೆ ಒಂದು ಹನಿಯನ್ನು ಕಾದ ತಗಡಿನ ಮೇಲೆ ಬಿಡುವ ಹಳೆಯ ಪರೀಕ್ಷೆಯಿದೆ: ನೀರಿದ್ದರೆ ಚಟಪಟ ಸಿಡಿಯುತ್ತದೆ. ಪೆಟ್ರೋಲ್ ದೋಣಿಯಿಂದ ದೂರ ಹೋಗಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಇದನ್ನು ಮಾಡಬೇಕು. ನೀರು ಬೆರೆತ ಎಣ್ಣೆಯಲ್ಲಿ ಬೇರಿಂಗು ತುಕ್ಕು ಹಿಡಿಯುತ್ತದೆ. ಪ್ಲೇಟಿನ ಮೇಲಿನ ಕಾಗದದಂಥ ಹೊದಿಕೆ ನೀರು ಕುಡಿದು ಉಬ್ಬುತ್ತದೆ, ಅಂಟು ಬಿಟ್ಟು ಸುಲಿಯುತ್ತದೆ. ಒಂದು ವಾರಾಂತ್ಯ ತಡೆದು ನೋಡೋಣ ಎನ್ನುವಂಥ ದೋಷ ಇದಲ್ಲ. ದೋಣಿಯನ್ನು ಅಂದೇ ನಿಲ್ಲಿಸಬೇಕು.

ನೀರು ಬರುವುದು ಬಹುತೇಕ ಕೂಲರಿನಿಂದ. ಮುಂಗೈಯಷ್ಟು ಉದ್ದದ ಲೋಹದ ಕೊಳವೆ ಅದು. ಒಳಗೆ ಸಣ್ಣ ಸಣ್ಣ ನಳಿಗೆಗಳ ಕಟ್ಟು. ನಳಿಗೆಯೊಳಗೆ ಕೆರೆಯ ನೀರು, ಹೊರಗೆ ಕೆಂಪೆಣ್ಣೆ, ನಡುವೆ ತೆಳುವಾದ ತಾಮ್ರಮಿಶ್ರ ಗೋಡೆ. ಗೋಡೆ ಬಿರಿದರೆ ಸೋರಿಕೆ ಎರಡೂ ಕಡೆಗೆ ಆಗಬಹುದು, ಎಣ್ಣೆ ಕೆರೆಗೂ ಹೋದೀತು, ಕೆರೆ ಎಣ್ಣೆಗೂ ಬಂದೀತು. ಮಿನ್ನೆಸೊಟಾದಲ್ಲಿ ಈ ಗೋಡೆ ಬಿರಿಯುವುದು ಹೆಚ್ಚಾಗಿ ಚಳಿಗಾಲದಲ್ಲಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ ಕೂಲರಿನೊಳಗೆ ಒಂದು ಲೋಟ ನೀರು ಉಳಿದರೂ ಸಾಕು. ಅಕ್ಟೋಬರಿನಲ್ಲಿ ಹೋಸು ಕಳಚಿ ನೀರು ಬಸಿಯದೆ ಮುಚ್ಚಿಟ್ಟ ದೋಣಿಯ ತಪ್ಪು ಮೇ ತಿಂಗಳಲ್ಲಿ ಗುಲಾಬಿ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ.

ಕೂಲರಿನ ಎರಡನೇ ಶತ್ರು ಕಳೆ. ಇಲ್ಲಿನ ಹಲವು ಕೆರೆಗಳಲ್ಲಿ ಯುರೇಷಿಯನ್ ವಾಟರ್ ಮಿಲ್‌ಫಾಯಿಲ್ ಎಂಬ ಹೊರಗಿನಿಂದ ಬಂದ ನೀರ್ಗಳೆ ದಟ್ಟವಾಗಿ ಹಬ್ಬಿದೆ. ದೋಣಿ ಹೀರುವ ನೀರಿನ ಜೊತೆ ಅದರ ನಾರು ಬಂದು, ಎಷ್ಟೋ ದೋಣಿಗಳಲ್ಲಿ ನೀರಿನ ದಾರಿಯ ಮೊದಲ ಜರಡಿಯೇ ಆಗಿರುವ ಈ ಕೂಲರಿನ ಬಾಯಲ್ಲಿ ಮುದ್ದೆಗಟ್ಟುತ್ತದೆ. ಎಂಜಿನ್ ಯಾಕೆ ಬಿಸಿಯಾಗುತ್ತಿದೆ ಎಂದು ಥರ್ಮೋಸ್ಟಾಟ್, ಪಂಪು ಎಲ್ಲ ಬದಲಿಸಿ ಸೋತವರಿದ್ದಾರೆ. ಕೂಲರಿನ ಹೋಸು ಬಿಚ್ಚಿ ಬೆರಳು ಹಾಕಿದರೆ ಹಸಿರು ಉಂಡೆ ಹೊರಗೆ ಬರುತ್ತದೆ. ಇಕ್ಕುಳದಿಂದ ಎಳೆದರಾಯಿತು, ಐದು ನಿಮಿಷದ ಕೆಲಸ. ಕಳೆ ಮುಚ್ಚಿದಾಗ ಎಂಜಿನ್ನಿನ ಮುಳ್ಳು ಏರುವುದು ಎಲ್ಲರಿಗೂ ಕಾಣುತ್ತದೆ. ಗೇರ್ ಎಣ್ಣೆಯೂ ಜೊತೆಗೇ ಕುದಿಯುತ್ತಿರುವುದು ಯಾರಿಗೂ ಕಾಣುವುದಿಲ್ಲ. ಅಂಥ ದಿನದ ಸಂಜೆ ದಂಡ ಎಳೆದು ಮೂಸುವುದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ.

ಇಲ್ಲಿನ ಕನ್ನಡ ಕೂಟದ ಬೇಸಿಗೆ ವನಭೋಜನಕ್ಕೆ ಬಂದ ಹುಬ್ಬಳ್ಳಿಯ ಯುವಕರೊಬ್ಬರು ಇದನ್ನೆಲ್ಲ ಕೇಳಿ, "ಅಣ್ಣಾರ, ನನ್ನ ಕಾರಿನ ಗೇರ್ ಆಯಿಲ್ ಇವತ್ತಿಗೂ ನೋಡಿಲ್ರಿ. 80 ಸಾವಿರ ಮೈಲಿ ಓಡೇತಿ. ಈ ದೋಣಿಗ್ಯಾಕ ಇಷ್ಟು ಉಪಚಾರ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. "ನಿಮ್ಮ ಕಾರಿನ ಗೇರ್ ಎಣ್ಣೆಯ ಪಕ್ಕ ಹರಿಯೋದು ಕೂಲಂಟು, ಕೆರೆ ನೀರಲ್ಲ ನೋಡಿ. ಕಾರು ಇಳಿಜಾರಿನಲ್ಲಿ ಸುಮ್ಮನೆ ಉರುಳುತ್ತೆ. ದೋಣಿಗೆ ಅಂಥ ಇಳಿಜಾರೇ ಇಲ್ಲ, ಥ್ರಾಟಲ್ ಬಿಟ್ಟರೆ ನಿಲ್ಲುತ್ತೆ" ಎಂದೆ. ಅವರು ದಂಡವನ್ನು ತಾವೇ ಎಳೆದು ಮೂಸಿ, "ಬರೊಬ್ಬರಿ ಐತ್ರಿ" ಎಂದು ತೀರ್ಪು ಕೊಟ್ಟರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಪೆ, ಮಂಗಳೂರಿನ ಧಕ್ಕೆಯ ಟ್ರಾಲ್ ಬೋಟುಗಳಲ್ಲಿ ಡೀಸೆಲ್ ಎಂಜಿನ್, ಅದರ ಹಿಂದೆ ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಗೇರ್‌ಬಾಕ್ಸ್, ಆಮೇಲೆ ಶಾಫ್ಟು, ಹೀಗೆ ಜೋಡಣೆಯ ಕ್ರಮ ಇದೇ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರಿ ರಿಪೇರಿಯಾಗುವ ಕಾಲ ಅದು. ಇಲ್ಲಿ ಆ ಬಿಡುವನ್ನು ಮಂಜು ಕೊಡುತ್ತದೆ. ಕಡಲಿಗೆ ಬೋಟು ಒಯ್ಯುವ ತಾಂಡೇಲನಿಗೆ ಗೇರ್‌ಬಾಕ್ಸ್ ಜೀವದ ಪ್ರಶ್ನೆ. ಮೋಜಿನ ದೋಣಿಯವರು ಅದನ್ನು ಅಷ್ಟೇ ಗಂಭೀರವಾಗಿ ನೋಡಿದರೆ ನಷ್ಟವೇನೂ ಇಲ್ಲ.

ಎಣ್ಣೆ ಬದಲಿಸಲು ಸಾಮಾನ್ಯವಾಗಿ 50ರಿಂದ 100 ಗಂಟೆ ಓಟ, ಇಲ್ಲವೇ ವರ್ಷಕ್ಕೊಮ್ಮೆ ಎನ್ನುತ್ತಾರೆ. ವಸಂತಕ್ಕೆ ಕಾಯದೆ ಶರತ್ಕಾಲದಲ್ಲೇ ಬದಲಿಸುವುದು ಮೇಲು. ಹಳೆಯ ಎಣ್ಣೆಯಲ್ಲಿನ ತೇವ, ಆಮ್ಲಗಳನ್ನು ಆರು ತಿಂಗಳು ಬೇರಿಂಗಿನ ಮೇಲೆ ಕೂರಿಸಿಡುವುದು ಯಾಕೆ? ಬಹುತೇಕ ದೋಣಿಗಳಲ್ಲಿ ಕೆಳಗಿನ ಪ್ಲಗ್ಗಿಗೆ ಕೈ ಹೋಗುವುದಿಲ್ಲ, ಎಂಜಿನ್ ತಳಕ್ಕೆ ಅಂಟಿಕೊಂಡಂತೆ ಕೂತಿರುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ತೂತಿನಿಂದಲೇ ಸಣ್ಣ ಪೈಪ್ ಇಳಿಸಿ ಕೈಪಂಪಿನಿಂದ ಬಿಸಿ ಎಣ್ಣೆಯನ್ನು ಹೀರಿ ತೆಗೆಯುತ್ತಾರೆ. ತೆಗೆದದ್ದನ್ನು ಅಳತೆಯ ಪಾತ್ರೆಗೆ ಹಾಕಿ, ಎಷ್ಟು ಬಂತು ಎಂದು ಬರೆದಿಡಬೇಕು, ಅಷ್ಟನ್ನೇ ಮೊದಲು ಹಾಕಿ ಓಡಿಸಿ ಮಟ್ಟ ನೋಡಬೇಕು. ಹೆಚ್ಚಾದರೂ ತೊಂದರೆಯೇ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಒತ್ತಡ ಹಿಡಿಯುವ ಶಕ್ತಿಯಿಲ್ಲ. ಜಾಲರಿ ಇರುವ ಗೇರ್‌ಬಾಕ್ಸ್ ಆದರೆ ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ನುಣ್ಣನೆಯ ಕಪ್ಪು ಹುಡಿ ಇದ್ದರೆ ಪ್ಲೇಟಿನ ಸವೆತ, ಸ್ವಲ್ಪ ಇರುವುದು ಸಹಜ. ಹೊಳೆಯುವ ಚಕ್ಕೆಗಳಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಹೊತ್ತು. ನೀರು ಬೆರೆತ ಗೇರ್‌ಬಾಕ್ಸಿಗೆ ಒಂದು ಬದಲಾವಣೆ ಸಾಲದು. ಮೊದಲು ಕೂಲರ್ ಬದಲಿಸಿ, ಹೊಸ ಎಣ್ಣೆ ಹಾಕಿ, ಸ್ವಲ್ಪ ಓಡಿಸಿ, ತೆಗೆದು, ಮತ್ತೆ ಹಾಕಿ, ಹೀಗೆ ಗುಲಾಬಿ ಬಣ್ಣ ಪೂರ್ತಿ ಮಾಯವಾಗುವವರೆಗೆ ಮಾಡಬೇಕು.

ಎಲ್ಲ ದೋಣಿಗಳ ಮೈಕಟ್ಟು ಒಂದೇ ಅಲ್ಲ. ಇತ್ತೀಚಿನ ವೇಕ್‌ಸರ್ಫಿಂಗ್ ದೋಣಿಗಳಲ್ಲಿ ಎಂಜಿನ್ ಹಿಂಬದಿಯಲ್ಲಿ ತಿರುಗಿ ಕೂತಿರುತ್ತದೆ, ವಿ-ಡ್ರೈವ್ ಎಂಬ ಪೆಟ್ಟಿಗೆ ಶಾಫ್ಟನ್ನು ಅದರ ಕೆಳಗಿನಿಂದ ಹಾಯಿಸುತ್ತದೆ. ದೊಡ್ಡ ಅಲೆ ಏಳಲೆಂದು ಟ್ಯಾಂಕುಗಳಲ್ಲಿ ನೀರು ತುಂಬಿಸಿ ಬೇಕೆಂದೇ ಭಾರ ಹೇರಿರುತ್ತಾರೆ. ಇಂಥ ದೋಣಿಯ ಎಣ್ಣೆ ಬೇಗ ಬಳಲುತ್ತದೆ. ಕೆಲವುಗಳಲ್ಲಿ ವಿ-ಡ್ರೈವಿಗೆ ಬೇರೆಯದೇ ಎಣ್ಣೆ, ಬೇರೆಯದೇ ದಂಡ. ಕೊಂಡವರಿಗೆ ಅದಿದೆ ಎಂದೇ ಗೊತ್ತಿರುವುದಿಲ್ಲ. ಇನ್ನು ಗೇರುಗಳೆಲ್ಲ ದೋಣಿಯ ಹೊರಗೆ, ನೀರಿನಲ್ಲೇ ಮುಳುಗಿರುವ ಸ್ಟರ್ನ್‌ಡ್ರೈವ್ ಇದ್ದರೆ ಅದಕ್ಕೆ ಗಟ್ಟಿ ಗೇರ್ ಆಯಿಲ್. ಅದನ್ನು ತುಂಬಿಸುವುದು ಕೆಳಗಿನ ತೂತಿನಿಂದ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ತುಂಬಿದಂತೆ ತೋರಿಸಿ ಮೋಸ ಮಾಡುತ್ತದೆ. ಕೆಳಗಿನಿಂದ ಪಂಪು ಮಾಡುತ್ತ ಹೋಗಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಎಣ್ಣೆ ಕಂಡಾಗ ಮೊದಲು ಮೇಲಿನ ಪ್ಲಗ್ ಹಾಕಿ ಆಮೇಲೆ ಕೆಳಗಿನದನ್ನು ಬಿಗಿಯಬೇಕು. ಪ್ಲಗ್ಗಿನ ವಾಷರ್ ಹೊಸದಾಗಿರಲಿ. ನಾಲ್ಕಾಣೆಯ ವಾಷರ್ ಉಳಿಸಲು ಹೋಗಿ ಗೇರುಗಳನ್ನೇ ಕಳೆದುಕೊಂಡವರಿದ್ದಾರೆ.

ತೆಗೆದ ಎಣ್ಣೆಯ ಒಂದು ಹನಿಯೂ ಕೆರೆಗೆ ಹೋಗಬಾರದು. ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಕಾಣುವಷ್ಟು ಸೋರಿಸಿದರೂ ಅಮೆರಿಕದಲ್ಲಿ ಅದು ಕಾನೂನಿನ ಉಲ್ಲಂಘನೆ. ದೋಣಿಯ ತಳದಲ್ಲಿ ನಿಂತ ನೀರನ್ನು ಪಂಪು ತಾನಾಗಿ ಹೊರಗೆಸೆಯುತ್ತದೆ, ಅದರೊಂದಿಗೆ ಸೋರಿದ ಎಣ್ಣೆಯೂ ಹೋಗುತ್ತದೆ. ಆದ್ದರಿಂದ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ಹೀರುವ ಬಿಳಿ ಪ್ಯಾಡ್ ಒಂದನ್ನು ಹಾಸಿಡುವುದು ಒಳ್ಳೆಯದು. ಕೆರೆಯೂ ಉಳಿಯುತ್ತದೆ, ಪ್ಯಾಡಿನ ಮೇಲಿನ ಕೆಂಪು ಕಲೆ ಎಲ್ಲಿದೆ ಎಂದು ನೋಡಿ ಶಾಫ್ಟಿನ ಸೀಲ್ ಹೋಗಿದೆಯೇ, ಹೋಸಿನ ಕ್ಲಿಪ್ ಸಡಿಲವೇ ಎಂಬುದೂ ತಿಳಿಯುತ್ತದೆ. ಹಳೆಯ ಎಣ್ಣೆಯನ್ನು ಡಬ್ಬಿಗೆ ತುಂಬಿ ಕೌಂಟಿಯ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟರೆ ಅವರು ತೆಗೆದುಕೊಳ್ಳುತ್ತಾರೆ.

ಸೆಕೆಂಡ್‌ಹ್ಯಾಂಡ್ ಸ್ಕೀ ದೋಣಿ ಕೊಳ್ಳಲು ಹೊರಟವರು ಈಗೀಗ ನನ್ನನ್ನು ಕರೆಯುತ್ತಾರೆ. ಮಾರುವವರು ಸೀಟಿನ ಹೊಲಿಗೆ, ಹಾಡಿನ ಸ್ಪೀಕರು, ಮಿಂಚುವ ಬಣ್ಣ ತೋರಿಸುತ್ತಿರುತ್ತಾರೆ. ನಾನು ಹೇಳುವುದಿಷ್ಟು: ನೀರಿಗಿಳಿಸಿ ಅರ್ಧ ಗಂಟೆ ಓಡಿಸಲು ಕೇಳಿ, ಹಿಂದಕ್ಕೂ ಮುಂದಕ್ಕೂ ಗೇರು ಹಾಕಿ ನೋಡಿ, ಲಿವರ್ ತಳ್ಳಿದ ಮೇಲೆ ದೋಣಿ ಹೊರಡಲು ತಡವಾಗುತ್ತಿದೆಯೇ ಗಮನಿಸಿ. ಆಮೇಲೆ ಎಂಜಿನ್ ನಿಲ್ಲಿಸಿ ಮುಚ್ಚಳ ಎತ್ತಿಸಿ, ಆ ಗಿಡ್ಡ ದಂಡವನ್ನು ನೀವೇ ಎಳೆಯಿರಿ. ಎಣ್ಣೆ ಅತಿಯಾಗಿ ಹೊಸದಾಗಿದ್ದರೂ ಯಾಕೆ, ಯಾವಾಗ ಬದಲಿಸಿದಿರಿ ಎಂದು ಕೇಳಲು ಸಂಕೋಚ ಬೇಡ. ಚೆನ್ನಾಗಿ ಇಟ್ಟುಕೊಂಡವರ ಹತ್ತಿರ ತಾರೀಖು, ಓಡಿದ ಗಂಟೆ, ಹಾಕಿದ ಎಣ್ಣೆಯ ಹೆಸರು ಬರೆದ ಪುಸ್ತಕ ಇದ್ದೇ ಇರುತ್ತದೆ. ಅಂಥವರ ದೋಣಿಗೆ ಕೇಳಿದ ಬೆಲೆಗಿಂತ ಸ್ವಲ್ಪ ಹೆಚ್ಚೇ ಕೊಟ್ಟರೂ ತಪ್ಪಿಲ್ಲ.